ತಾರವ್ವನ ಕೌದಿಯಲ್ಲಿ ಮಾಯಪ್ಪನ ಜಾಗ

ನಿಪ್ಪಾಣಿ ಹತ್ತಿರದ ಭೋಜ ಊರಿನ ನಮ್ಮ ಓಣಿಯಲ್ಲಿ ಯಾರು ಬದುಕಿದ್ದಾರೆ, ಯಾರು ಹೋಗಿದ್ದಾರೆ ಎಂಬ ಪಕ್ಕಾ ಸುದ್ದಿ ಬೇಕಾದರೆ ತಾರವ್ವನನ್ನು ಕೇಳಬೇಕಿತ್ತು. ಅವಳಿಗೆ ಊರ ಉಸಾಬರಿ ಜಾಸ್ತಿ ಅಂತಲ್ಲ. ಅವಳು ಬಟ್ಟೆಯನ್ನು ಪದರು ಪದರಾಗಿ ಸೇರಿಸಿ ಹಾಸಲು, ಹೊದೆಯಲು ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಧೋತರ, ತಲೆಗೆ ಸುತ್ತುವ ಪಟಕಗಳ ಗಂಟು ಹೊತ್ತು ಯಾರೇ ಬರಲಿ, ಗಂಟು ಬಿಚ್ಚುವ ಮೊದಲೇ ಅವಳ ಪ್ರಶ್ನೆ ತಯಾರಿರುತ್ತಿತ್ತು.

“ಇದರಾಗ ಇದ್ದವ್ರದ್ ಯಾವ್ದು, ಹೋದವ್ರದ್ ಯಾವ್ದು?”

ಇದ್ದವರ ಬಟ್ಟೆ ಕೌದಿಯ ಮೇಲೆ ಮತ್ತು ಕೆಳಗೆ ಕಾಣುವಂತೆ. ಹೋದವರ ಬಟ್ಟೆ ನಡುವಿನ ಪದರಲ್ಲಿ, ಕಾಣದಂತೆ. ಇದು ಅವಳ ಅತ್ತೆ ಭೀಮಾಬಾಯಿಯ ಮನೆತನದಲ್ಲಿ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಸೊಸೆಗೆ ಬಂದ ಪದ್ಧತಿ. ಇದ್ದವರನ್ನು ಒಳಗೆ ಹಾಕಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ. ಹೋದವರನ್ನು ಮೇಲೆ ಹಾಕಿದರೆ ಅವರಿಗೆ ಹೋಗಲು ಬಿಟ್ಟಂತಾಗುವುದಿಲ್ಲ, ಪಾಪ, ಮನೆಯ ಸುತ್ತಲೇ ತಿರುಗುತ್ತಿರುತ್ತಾರೆ. ಎಲ್ಲ ಹೊಲಿದು ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ ಒಳಗಿಡಬೇಕು; ಕೌದಿ ಹಸಿದಿರಬಾರದು. ಆ ರೊಟ್ಟಿಯ ವಾಸನೆಗೆ ಇಲಿ ಬಂದು ಮೂಲೆ ಕಡಿಯುತ್ತಿತ್ತು. ಕಡಿದ ಮೂಲೆ ಹೊಲಿಸಲು ಜನ ಮತ್ತೆ ತಾರವ್ವನ ಹತ್ತಿರವೇ ಬರುತ್ತಿದ್ದರು. ಪದ್ಧತಿ ಮಾಡಿದವರು ದಡ್ಡರಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ನಾನು ಚಿಕ್ಕೋಡಿಯವಳು. ಎಂಬತ್ತಮೂರರಲ್ಲಿ ಆ ಓಣಿಗೆ ಸೊಸೆಯಾಗಿ ಬಂದೆ. ನಮಗೂ ತಾರವ್ವನ ಮನೆಗೂ ನಡುವೆ ಒಂದೇ ಗೋಡೆ, ಅದೂ ಅರ್ಧ ಬಿದ್ದದ್ದು. ಹೀಗಾಗಿ ಅವರ ಮನೆಯ ಜಗಳ ನಮಗೂ, ನಮ್ಮ ಮನೆಯ ಜಗಳ ಅವರಿಗೂ ಖರ್ಚಿಲ್ಲದೆ ಸಿಗುತ್ತಿತ್ತು. ತಾರವ್ವ ನನ್ನನ್ನು ಕೊನೆಯವರೆಗೂ ಹೆಸರು ಹಿಡಿದು ಕರೆಯಲಿಲ್ಲ. ನಾನು ಅವಳಿಗೆ “ಚಿಕ್ಕೋಡಿ”. ಒಂದು ತಾಲೂಕನ್ನೇ ಕರೆದಂತೆ ಕರೆಯುತ್ತಿದ್ದಳು.

ಬಟ್ಟೆ ಒಳಗಿದ್ದರೇನು, ಹೊರಗಿದ್ದರೇನು ಎಂದು ಮೊದಮೊದಲು ನಾನು ನಗುತ್ತಿದ್ದೆ. ಬಾಳಾಸಾಬ ಮುತ್ಯಾನ ಪ್ರಕರಣ ಆದ ಮೇಲೆ ನಗುವುದನ್ನು ಬಿಟ್ಟೆ.

ಬಾಳಾಸಾಬ ಅಂದರೆ ಊರ ದೊಡ್ಡ ಕಬ್ಬಿನ ಹೊಲದ ಯಜಮಾನ ರಾವಸಾಹೇಬನ ಅಪ್ಪ. ಮುದುಕ ಮಗಳ ಮನೆಗೆಂದು ರಾಯಬಾಗಕ್ಕೆ ಹೋಗಿ ಅಲ್ಲೇ ಊಟ ಚೆನ್ನಾಗಿದೆ ಎಂದು ಉಳಿದುಬಿಟ್ಟಿದ್ದ. ಆ ಹೊತ್ತಿನಲ್ಲಿ ರಾವಸಾಹೇಬನ ಹೆಂಡತಿ ರುಕ್ಮವ್ವ ಕೌದಿಗೆಂದು ಗಂಟು ಕಳಿಸಿದಳು. ಗಂಟಿನಲ್ಲಿ ಮುದುಕನ ಕೆಂಪಂಚಿನ ಧೋತರವು ಅವನ ತೀರಿಹೋದ ಹೆಂಡತಿಯ ಸೀರೆಯೊಳಗೆ ಮಡಚಿಕೊಂಡು ಬಂದಿತ್ತು. ಸುಗ್ಗಿಯ ಮುಂಚಿನ ದಿನಗಳು, ಎಲ್ಲರಿಗೂ ಅವಸರ. ತಾರವ್ವ ಆ ಒಂದು ಸಲ ಕೇಳಲಿಲ್ಲ. ಸೀರೆಯ ಜೊತೆಗೆ ಧೋತರವನ್ನೂ ಒಳಗೆ ಹಾಕಿ ಹೊಲಿದು ಕಳಿಸಿದಳು.

ಮುದುಕ ರಾಯಬಾಗದಿಂದ ಬಂದ. ಹೊಸ ಕೌದಿಯನ್ನು ಮಂಚದ ಮೇಲೆ ಹರವಿಸಿ ನೋಡಿದ. ತಿರುವಿಸಿ ನೋಡಿದ. ಮಗನದು ಇತ್ತು, ಸೊಸೆಯದು ಇತ್ತು, ಮೊಮ್ಮಕ್ಕಳ ಚಡ್ಡಿಯೂ ಇತ್ತು.

“ನಾ ಎಲ್ಲಿ ಅದೀನಿ ಇದರಾಗ?” ಅಂದ.

ರುಕ್ಮವ್ವ ಸೆರಗು ಸರಿಪಡಿಸಿಕೊಳ್ಳುತ್ತ ಒಳಗೆ ಸರಿದಾಗ ಅವನಿಗೆ ತಾನೇ ಗೊತ್ತಾಯಿತು. ಹಾಸಿಗೆ ಹಿಡಿದ. ನಿಪ್ಪಾಣಿಯಿಂದ ಡಾಕ್ಟರು ಬಂದು ಏನೂ ಆಗಿಲ್ಲ ಎಂದು ಹೇಳಿ, ಬಂದ ತಪ್ಪಿಗೆ ಒಂದು ಇಂಜೆಕ್ಷನ್ ಚುಚ್ಚಿ ಹೋದರು. ಮುದುಕ ಗಂಜಿಯನ್ನೂ ಮುಟ್ಟಲಿಲ್ಲ. ಕೊನೆಗೆ ತಾರವ್ವನನ್ನೇ ಕರೆಸಿದರು. ಅವಳು ಅವರ ಅಂಗಳದಲ್ಲಿ ಕುಳಿತು, ಮುದುಕನನ್ನು ಹೊರಸಿನ ಮೇಲೆ ಎದುರಿಗೇ ಮಲಗಿಸಿಕೊಂಡು, ಕೈಯಾರೆ ಹೊಲಿದ ಕೌದಿಯನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದಳು. ಕೆಂಪಂಚಿನ ಧೋತರ ಹೊರಗೆ ಬಂತು. ಅದನ್ನು ಮೇಲಿನ ಪದರಲ್ಲಿ ನಟ್ಟನಡುವೆ ಹಾಸಿದಳು. ಮುದುಕ ಎದ್ದು ಕುಳಿತು ಚಹಾ ಕೇಳಿದ.

ಅಂದಿನಿಂದ ಕೌದಿಯ ವಿಷಯದಲ್ಲಿ ಬಾಳಾಸಾಬ ತನ್ನನ್ನು ಊರಲ್ಲೇ ಹೆಚ್ಚು ತಿಳಿದವನೆಂದು ಭಾವಿಸಿದ. ಒಳಗೆ ಹೋಗಿ ಬಂದವನು ತಾನೊಬ್ಬನೇ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಇನ್ನು ತಾರವ್ವನ ಗಂಡ ಮಾಯಪ್ಪನ ವಿಚಾರ. ನಾನು ಅವನನ್ನು ಒಂದೇ ವರ್ಷ ನೋಡಿದ್ದು. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಮಾತನಾಡುತ್ತಲೂ ಇರಲಿಲ್ಲ. ಮೊದಲಿನ ಎರಡಕ್ಕಾಗಿ ಓಣಿಯ ಹೆಂಗಸರು ತಾರವ್ವನನ್ನು ಪುಣ್ಯವಂತೆ ಎನ್ನುತ್ತಿದ್ದರು. ಒಂದಿಷ್ಟು ಕುರಿ, ಒಂದು ತುಂಡು ಹೊಲ. ನಮ್ಮ ಕಡೆ ಮಳೆ ಹಿಡಿದರೆ ಕುರಿಗಳ ಕಾಲು ಕೆಡುತ್ತವೆ. ಅದಕ್ಕೆ ಕುರಿಯವರು ಮಳೆಗಾಲಕ್ಕೆ ಅಥಣಿಯ ಆಚೆಗಿನ ಒಣ ಸೀಮೆಗೆ ಹೊಡೆದುಕೊಂಡು ಹೋಗಿ ದೀಪಾವಳಿಗೆ ತಿರುಗಿ ಬರುತ್ತಿದ್ದರು. ಎಂಬತ್ನಾಲ್ಕರಲ್ಲಿ ಮಾಯಪ್ಪನೂ ಹಾಗೆಯೇ ಹೋದ, ಜೊತೆಗಾರ ಭೀಮಸಿಯೊಂದಿಗೆ.

ದೀಪಾವಳಿಗೆ ಭೀಮಸಿ ಬಂದ. ಕುರಿಗಳೂ ಬಂದವು. ಭೀಮಸಿಯ ಹೆಗಲ ಮೇಲೆ ಎರಡು ಕಂಬಳಿ ಇದ್ದವು, ಒಂದು ಅವನದು, ಒಂದು ಮಾಯಪ್ಪನದು.

“ಕಾಗವಾಡದ ಹಂತೇಕ ಕುರಿ ತರುಬಿ ನಿಲ್ಲಿಸಿದ್ವಿರಿ,” ಎಂದು ಭೀಮಸಿ ಹೇಳಿದ. “ಕುರಿ ನೋಡ್ಕೋ, ತಂಬಾಕ ತಗೊಂಡ್ ಬರ್ತೀನಿ ಅಂದ. ನಾ ನೋಡ್ಕೊಂಡೆ. ಅಂವ ಬರ್ಲಿಲ್ಲ.”

ಭೀಮಾಬಾಯಿ ಬಾಗಿಲಲ್ಲಿ ನಿಂತು ಕೇಳಿದಳು. “ಕುರಿ ಎಲ್ಲಾ ಅದಾವ?”

“ಅದಾವ್ರಿ ಆಯಿ.”

ಅವಳು ಮಗನ ಕಂಬಳಿ ಇಸಿದುಕೊಂಡು ಒಳಗೆ ಹೋದಳು. ತಂಬಾಕಿಗೇ ಹೆಸರಾದ ನಿಪ್ಪಾಣಿ ಸೀಮೆಯಲ್ಲಿ ಹುಟ್ಟಿ ಬೆಳೆದವನು ತಂಬಾಕು ತರಲು ಕಾಗವಾಡದಲ್ಲಿ ಎದ್ದು ಹೋದದ್ದು ಊರಿಗೆ ಹಲವು ದಿನ ಬಗೆಹರಿಯಲಿಲ್ಲ. ತಾರವ್ವ ಭೀಮಸಿಯನ್ನು ಕರೆದುಕೊಂಡು ಹೋಗಿ ಕಾಗವಾಡದ ಅಂಗಡಿಗಳಲ್ಲೆಲ್ಲ ಕೇಳಿದಳು, ಮಿರಜ ಸ್ಟೇಶನ್ನಿನಲ್ಲಿ ಕುಳಿತು ಇಳಿಯುವ ಹತ್ತುವ ಗಂಡಸರ ಮುಖ ನೋಡಿದಳು. ತಿರುಗಿ ಬಂದ ಮರುದಿನ ಯಾರದೋ ಅರ್ಧಕ್ಕೆ ನಿಂತ ಕೌದಿ ಹರವಿಕೊಂಡು ಕುಳಿತಳು. ನಾನು ಗೋಡೆಯ ಆಚೆ ನಿಂತು ನೋಡಿದೆ. ಅವಳ ಹೊಲಿಗೆ ಎಂದಿನಂತೆ ನೆಟ್ಟಗೆ ಬರುತ್ತಿತ್ತು. ನನಗೆ ಮಾಯಪ್ಪನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆಮೇಲೆ ಸುದ್ದಿಗಳು ಬರತೊಡಗಿದವು. ಒಬ್ಬರು ಪಂಢರಪುರದ ದಿಂಡಿ ಯಾತ್ರೆಯಲ್ಲಿ ನೋಡಿದರು. ಇನ್ನೊಬ್ಬರು ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ನೋಡಿದರು. ಒಬ್ಬರ ಮಾಯಪ್ಪ ಗಡ್ಡ ಬಿಟ್ಟಿದ್ದ, ಇನ್ನೊಬ್ಬರ ಮಾಯಪ್ಪ ಒಂದು ಗೇಣು ಎತ್ತರವಾಗಿದ್ದ. ಭೀಮಾಬಾಯಿ ಎಲ್ಲವನ್ನೂ ನಂಬಿದಳು. ತಾರವ್ವ ಯಾವುದನ್ನೂ ನಂಬಲಿಲ್ಲ, ಆದರೆ ಸುದ್ದಿ ತಂದವರಿಗೆಲ್ಲ ಚಹಾ ಮಾಡಿಕೊಟ್ಟಳು.

ಮಾಯಪ್ಪನ ಒಂದು ಧೋತರ ಟ್ರಂಕಿನಲ್ಲಿತ್ತು. ಊರಿಗೆಲ್ಲ ಕೌದಿ ಹೊಲಿದವಳು ತನ್ನ ಮನೆಗೊಂದು ಹೊಸ ಕೌದಿ ಹೊಲಿಯಲಿಲ್ಲ. ಹೊಲಿದರೆ ಆ ಧೋತರವನ್ನು ಎಲ್ಲಾದರೂ ಇಡಬೇಕಲ್ಲ. ಹಳೆಯದಕ್ಕೇ ತ್ಯಾಪಿಯ ಮೇಲೆ ತ್ಯಾಪಿ ಹಚ್ಚುತ್ತ ಹೋದಳು. ಅಷ್ಟರಲ್ಲಿ ಕೌದಿಯ ಕಾಲವೂ ಕೆಡುತ್ತ ಬಂದಿತ್ತು. ಹೆಂಗಸರೆಲ್ಲ ನೈಲಾನ್ ಸೀರೆಗೆ ಬಿದ್ದರು. ನೈಲಾನ್ ಸೀರೆ ಹರಿಯುವುದಿಲ್ಲ, ಹರಿದರೂ ಕೌದಿಗೆ ಬಾರದು. ಪದರು ಪದರಿನ ಮೇಲೆ ನಿಲ್ಲದೆ ಜಾರುತ್ತದೆ, ಹೊದ್ದರೆ ಬೆಚ್ಚಗಾಗುವುದಿಲ್ಲ. “ಈ ಸೀರ್ಯಾಗ ಮನಷ್ಯಾರ ವಾಸನೀನ ನಿಂದ್ರೂದಿಲ್ಲ,” ಎಂದು ತಾರವ್ವ ಗಂಟುಗಳನ್ನು ತಿರುಗಿಸಿ ಕಳಿಸುತ್ತಿದ್ದಳು. ಕಳಿಸಿದವರು ನಿಪ್ಪಾಣಿಗೆ ಹೋಗಿ ಹುಲಿಯ ಚಿತ್ರದ ಬ್ಲ್ಯಾಂಕೆಟ್ ತರುತ್ತಿದ್ದರು.

ತಾರವ್ವನ ಮಗಳು ಅಕ್ಕವ್ವನನ್ನು ಕೊಗನೊಳ್ಳಿಗೆ ಕೊಟ್ಟರು. ತಾರವ್ವನ ತಮ್ಮ ಸತ್ಯಪ್ಪ ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆದ. ಹುಡುಗಿಯ ಅಪ್ಪ ಕುರಿ ಮೇಯಿಸಲು ದೂರ ಹೋಗಿದ್ದಾನೆ ಎಂದು ಬೀಗರಿಗೆ ಹೇಳಲಾಯಿತು. ಬೀಗರು ಒಪ್ಪಿಕೊಂಡರು. ಕುರಿಗಳು ಮನೆಯ ಹಿಂದೆಯೇ ಕಟ್ಟಿದ್ದವು, ಮದುವೆಯುದ್ದಕ್ಕೂ ಒದರುತ್ತಿದ್ದವು.

ತೊಂಬತ್ತೆರಡರಲ್ಲಿ ಅಕ್ಕವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಆಗ ಮಾಯಪ್ಪನ ಜಾಗದ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಿಗೆ ನಿಂತಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತವರುಮನೆಯ ಕೌದಿಯ ಮೇಲೆ ಮಲಗಿಸಬೇಕು. ಅದರಲ್ಲಿ ತಾಯಿಯ ಅಪ್ಪ, ಅವ್ವ ಇಬ್ಬರ ಬಟ್ಟೆಯೂ ಇರಬೇಕು. ಬೀಗತಿ ಲಕ್ಷ್ಮಿಬಾಯಿ ಸೊಸೆಯನ್ನು ನೋಡಲು ಬಂದವಳು ಚಹಾ ಕುಡಿದು ಬಟ್ಟಲು ಕೆಳಗಿಡುತ್ತ ಅದನ್ನೇ ಹೇಳಿದಳು. ಕೊಗನೊಳ್ಳಿಯ ಕಡೆ ಕೌದಿಗೆ ಮರಾಠಿಯಂತೆ ವಾಕಳ ಎನ್ನುತ್ತಾರೆ.

“ವಾಕಳ ನೀವು ಛಲೋ ಹೊಲಿತೀರಿ ಅಂತ ಎಲ್ಲಾರೂ ಅಂತಾರ್ರಿ. ಇಬ್ಬರದೂ ಅರಿವಿ ಇರ್ಲಿ ನೋಡ್ರಿ. ಒಬ್ಬರದಽ ಇದ್ದರ ಕೂಸಿಗೆ ಅರ್ಧಾ ಮೈಗಷ್ಟ ಹೊಚ್ಚಿದಂಗ.”

“ಇರತೈತ್ರಿ,” ಅಂದಳು ತಾರವ್ವ.

ಇರುತ್ತದೆ ಸರಿ, ಎಲ್ಲಿ? ಮೇಲೋ, ಒಳಗೋ? ಊರು ತನ್ನ ಕೆಲಸ ಬಿಟ್ಟು ಇದನ್ನೇ ಹಿಡಿಯಿತು. ಸತ್ಯಪ್ಪ ಬಂದು, “ಒಳಗ ಹಾಕಿ ಮುಗಸು ಅಕ್ಕಾ, ಎಷ್ಟಂತ ಕಾಯ್ತಿ?” ಅಂದ. ಭೀಮಾಬಾಯಿ ಒಳಗಿನಿಂದಲೇ, “ನನ್ನ ಮಗನ್ನ ಒಳಗ ಹಾಕಾಂವ ಯಾಂವಲೇ ಅಂವ?” ಎಂದು ಕೂಗಿದಳು. ಸತ್ಯಪ್ಪ ಚಪ್ಪಲಿ ಮೆಟ್ಟಿಕೊಂಡ. ರುಕ್ಮವ್ವ, ತಾನೇ ಒಂದು ಬ್ಲ್ಯಾಂಕೆಟ್ ಕೊಡಿಸುತ್ತೇನೆ, ಈ ರಗಳೆಯೇ ಬೇಡ ಎಂದು ಹೇಳಿ ಕಳಿಸಿದಳು. ಬಾಳಾಸಾಬ ಮುತ್ಯಾ ಖುದ್ದಾಗಿ ಬಂದು, ಬದುಕಿದ್ದವನನ್ನು ಒಳಗೆ ಹಾಕಿದರೆ ಎಂಥ ಉಸಿರು ಕಟ್ಟುತ್ತದೆ ಎಂಬುದನ್ನು ಕಟ್ಟೆಯ ಮೇಲೆ ಕುಳಿತು ವಿವರವಾಗಿ ಹೇಳಿದ.

ಇನ್ನೊಂದು ಮಾತೂ ಇತ್ತು, ಅದನ್ನು ಯಾರೂ ತಾರವ್ವನ ಎದುರಿಗೆ ಆಡಲಿಲ್ಲ. ಮಾಯಪ್ಪ ಒಳಗೆ ಹೋದರೆ ತಾರವ್ವನ ಕೈಬಳೆ, ಹಣೆಯ ಕುಂಕುಮ ಹೋಗಬೇಕು. ನೀರಿಗೆ ಹೋದಾಗ ಹೆಂಗಸರು ಅವಳ ಮುಂಗೈಯನ್ನು ನೋಡುವ ರೀತಿಗೆ ನನಗೆ ಕೊಡ ಎತ್ತಿ ಒಬ್ಬೊಬ್ಬರ ತಲೆಯ ಮೇಲೆ ಹಾಕಬೇಕು ಅನ್ನಿಸುತ್ತಿತ್ತು. ಹೋದವನು ಅವನು, ಲೆಕ್ಕ ಕೊಡಬೇಕಾದವಳು ಇವಳು.

ತಾರವ್ವ ದಿನಾ ಬೆಳಿಗ್ಗೆ ಬೇವಿನ ಮರದ ಕೆಳಗೆ ಕೌದಿಯ ಕೆಳಪದರು ಹರವುತ್ತಿದ್ದಳು, ನಾಲ್ಕು ಮೂಲೆಗೆ ಕಲ್ಲು ಇಡುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಿಸಿಲು ಏರಿದ ಮೇಲೆ ಕಲ್ಲು ತೆಗೆದು ಸುತ್ತಿಡುತ್ತಿದ್ದಳು. ಒಂದು ದಿನ ನಾನು ಚಹಾ ತೆಗೆದುಕೊಂಡು ಹೋದಾಗ ತಾನಾಗಿ ಮಾತು ತೆಗೆದಳು.

“ಚಿಕ್ಕೋಡಿ, ನಾ ಒಳಗ ಹಾಕಿದ್ನೆಪಾ ಅಂದ್ರ ನಾನಽ ಕೊಂದಂಗ. ಮ್ಯಾಲ ಹಾಕಿದ್ನಿ, ಅಂವ ಹೋಗ್ಯಾನಂದ್ರ, ದಾರ್ಯಾಗ ತಡದು ನಿಂದ್ರಿಸಿದಂಗ. ಏನ್ ಮಾಡ್ಲಿ ಹೇಳು.”

ಇಂಥ ನ್ಯಾಯಕ್ಕೆ ಚಿಕ್ಕೋಡಿಯ ಕೋರ್ಟೂ ಸಾಲದು. “ಚಹಾ ಆರತೈತಿ, ಕುಡಿ,” ಅಂದೆ.

ಅಕ್ಕವ್ವ ಹೆಣ್ಣು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ತಾರವ್ವ ಒಂದು ಬೆಳಿಗ್ಗೆ ಎದ್ದವಳೇ ಟ್ರಂಕು ತೆಗೆದು ಧೋತರ ಹೊರಗೆ ತಂದಳು. ಮುಪ್ಪಿನ ಅತ್ತೆಯ ಮಾತು ಯಾಕೆ ಮುರಿಯುವುದು ಎಂದುಕೊಂಡಿರಬೇಕು. ತನ್ನ ಹಳೆಯ ಇಳಕಲ್ ಸೀರೆಯ ಪಕ್ಕಕ್ಕೆ, ಮೇಲಿನ ಪದರಲ್ಲಿ, ಎಲ್ಲರಿಗೂ ಕಾಣುವಂತೆ ಅದನ್ನು ಹಾಸಿದಳು. ಭೀಮಾಬಾಯಿ ಮೊಮ್ಮಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದಳು. ನಾನು ಗೋಡೆಗೆ ಆತು ನಿಂತಿದ್ದೆ. ಅಂತೂ ಮುದುಕಿ ಗೆದ್ದಳು ಎಂದುಕೊಂಡೆ.

ಧೋತರ ತೆಳ್ಳಗಾಗಿತ್ತು, ಅಲ್ಲಲ್ಲಿ ನುಸಿ ತಿಂದಿತ್ತು. ತಾರವ್ವ ಅಂಚಿನಿಂದ ಹೊಲಿಗೆ ಶುರು ಮಾಡಿ ಒಂದು ಗೇಣು ಸಾಗಿರಬೇಕು.

“ತಗಿ,” ಅಂದಳು ಭೀಮಾಬಾಯಿ.

ತಾರವ್ವ ತಲೆ ಎತ್ತಿದಳು.

“ತಗೀ ಬೇ ಅದನ್ನ. ಒಳಗ ಹಾಕು.”

“ಅತ್ತಿ, ನೀವಽ ಹೇಳಿದ್ರೆಲ್ಲ ಮ್ಯಾಲ ಹಾಕಂತ...”

“ಹೇಳಿದ್ದೆ. ಇಷ್ಟ ವರ್ಷ ಮ್ಯಾಲ ಇಟ್ಟೆ. ಮಳಿ ಬಂತು, ಥಂಡಿ ಬಂತು. ಅವನ ಕಂಬಳಿ ನಮ್ಮ ಮನ್ಯಾಗಽ ಐತಿ. ಹೊರಗ ಅಂವಗ ಹೊಚ್ಚಾಕ ಏನೈತಿ?” ಮುದುಕಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಒಳಗಾದ್ರ ಬೆಚ್ಚಗಿರ್ತಾನ.”

ತಾರವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಭೀಮಾಬಾಯಿ ಕೂಸನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ತಿರುಗಿ ಬರುವಾಗ ತನ್ನ ಹಸಿರು ಸೀರೆ ತಂದಿದ್ದಳು, ಹಬ್ಬಕ್ಕೆ ಉಡುತ್ತಿದ್ದ ನೂಲಿನ ಸೀರೆ.

“ಇದನ್ನೂ ಅವನ ಬಾಜೂಕ ಹಾಕು.”

“ಅತ್ತಿ, ನೀವು ಗಟ್ಟಿ ಅದೀರಿ. ನಿಮ್ಮದು ಒಳಗ ಹೆಂಗ ಹಾಕ್ಲಿ?”

“ಅಂವ ಸಣ್ಣಾಂವಿದ್ದಾಗಿಂದ ಕತ್ತಲಕ್ಕ ಅಂಜತಾನ. ಕುರಿ ಕಾಯಾಂವ, ಯಾರಿಗೂ ಹೇಳ್ತಿದ್ದಿಲ್ಲ. ಒಬ್ಬನಽ ಹೆಂಗ ಇರ್ತಾನ ಅಲ್ಲಿ?”

ಆಗ ತಾರವ್ವ ಅತ್ತಳು. ಮಿರಜದಿಂದ ಬರಿಗೈಯಲ್ಲಿ ಬಂದಾಗ ಅಳದವಳು, ಮಗಳ ಧಾರೆಯಲ್ಲಿ ಅಳದವಳು, ಧೋತರ ಮುಖಕ್ಕೆ ಹಿಡಿದುಕೊಂಡು ಓಣಿಗೆಲ್ಲ ಕೇಳುವಂತೆ ಅತ್ತಳು. ನಾನೂ ಅತ್ತೆ. ಕೂಸು ನಮ್ಮಿಬ್ಬರನ್ನೂ ನೋಡಿ ತಾನೂ ಶುರು ಮಾಡಿತು. ಭೀಮಾಬಾಯಿ ಮಾತ್ರ ಅಳಲಿಲ್ಲ. “ಅರಿವಿ ತೊಯ್ಸಬ್ಯಾಡ, ಸೂಜಿ ತುಕ್ಕ ಹಿಡಿತೈತಿ,” ಅಂದಳು.

ಹೊಲಿಗೆ ಬಿಚ್ಚಿ, ಧೋತರ ಒಳಗೆ, ಅದರ ಪಕ್ಕಕ್ಕೆ ಹಸಿರು ಸೀರೆ ಒಳಗೆ. ಯಾರೊಬ್ಬರಿಗಾಗಿಯೂ ಮುರಿಯದ ಪದ್ಧತಿಯನ್ನು ತಾರವ್ವ ಅವತ್ತು, ಪದ್ಧತಿ ಕಲಿಸಿದವಳ ಹುಕುಮಿನಿಂದಲೇ ಮುರಿದಳು. ಕೌದಿ ಮುಗಿದಾಗ ಕೊನೆಯ ಮೂಲೆಗೆ ರೊಟ್ಟಿಯ ಚೂರು ಇಡಲು ಹೋದರೆ ಭೀಮಾಬಾಯಿ ತಡೆದಳು. ಸೆರಗಿನ ಗಂಟಿನಿಂದ ಒಂದು ಚಿಟಿಕೆ ತಂಬಾಕು ತೆಗೆದು ರೊಟ್ಟಿಯ ಜೊತೆಗೆ ಇಟ್ಟಳು. “ತರಾಕ ಹೋಗ್ಯಾನಲ್ಲ,” ಅಂದಳು. ಆ ಮೂಲೆಗೆ ಮುಂದೆ ಇಲಿ ಯಾವತ್ತೂ ಬರಲಿಲ್ಲ.

ತೊಟ್ಟಿಲಿನ ದಿನ ಲಕ್ಷ್ಮಿಬಾಯಿ ಕೌದಿಯನ್ನು ಹಿಂದೆ ಮುಂದೆ ತಿರುವಿ ನೋಡಿದಳು.

“ಬೀಗರದ್ ಎಲ್ಲೈತ್ರಿ?”

“ಒಳಗ ಅದಾನ,” ಅಂದಳು ಭೀಮಾಬಾಯಿ.

ಮನೆ ತುಂಬ ಹೆಂಗಸರು ಕೂತಿದ್ದರು. ಎಲ್ಲರ ಕಣ್ಣೂ, ಯಾರೋ ಹೇಳಿಕೊಟ್ಟಂತೆ, ತಾರವ್ವನ ಬಳೆಗಳ ಮೇಲೆ ಹೋದವು. ತಾರವ್ವ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುವುದರೊಳಗೆ ಭೀಮಾಬಾಯಿ ಅವಳ ಮುಂಗೈ ಹಿಡಿದು ಎಲ್ಲರ ಎದುರಿಗೆ ಎತ್ತಿದಳು.

“ಏನ್ ನೋಡ್ತೀರಿ? ಈ ಬಳಿ ನನ್ನ ಮಗ ಇಟ್ಟಿದ್ದಲ್ಲ, ಬಳೆಗಾರ ಇಟ್ಟಾನ. ಬಳೆಗಾರ ಇನ್ನೂ ಗಟ್ಟಿ ಅದಾನ, ಮೊನ್ನೆ ಸಂತ್ಯಾಗ ನೋಡೇನಿ.”

ನನಗೆ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸಿತು. ತಟ್ಟದೆ ಎಲ್ಲರಿಗೂ ಗುಗ್ಗರಿ ಹಂಚಿದೆ. ಲಕ್ಷ್ಮಿಬಾಯಿ ಕೂಸನ್ನು ಕೌದಿಯ ಮೇಲೆ ಮಲಗಿಸಿದವಳು ಮೂಗು ಅರಳಿಸಿದಳು.

“ತಂಬಾಕಿನ ವಾಸನಿ ಬರಾಕತ್ತೈತಲ್ರಿ ಇದಕ್ಕ.”

“ಅಜ್ಜನ ಮೈ ವಾಸನಿ ಅದು. ರೂಢಿ ಆಗ್ಲಿ ಬಿಡ್ರಿ,” ಅಂದಳು ಭೀಮಾಬಾಯಿ. ಕೂಸು ಒಮ್ಮೆ ಸೀನಿ ನಿದ್ದೆ ಹೋಯಿತು.

ಬದುಕಿದ್ದಾಗಲೇ ಒಳಗೆ ಹೋದ ಭೀಮಾಬಾಯಿ ಇನ್ನೆಷ್ಟು ದಿನ ಎಂದು ಊರು ಕಾಯತೊಡಗಿತು. ಬಾಳಾಸಾಬ ಮುತ್ಯಾ ವಾರಕ್ಕೊಮ್ಮೆ ಕೋಲೂರಿಕೊಂಡು ಬಂದು ಆರೋಗ್ಯ ವಿಚಾರಿಸಿ, ಅವಳು ಜೋಳ ಹಸನು ಮಾಡುತ್ತಿರುವುದನ್ನು ನೋಡಿ, ಸ್ವಲ್ಪ ಬೇಸರದಿಂದ ಹೋಗುತ್ತಿದ್ದ. ಕೊನೆಗೆ ಅವನೇ ಮೊದಲು ಹೋದ. ಭೀಮಾಬಾಯಿ ಗಟ್ಟಿಯಾಗಿಯೇ ಇದ್ದಳು. ಮಗನ ಸುದ್ದಿ ತರುವವರಿಗೆ ಆ ಮನೆಯಲ್ಲಿ ಚಹಾ ನಿಂತಿತು. ಅತ್ತೆ ಸೊಸೆ ದಿನಕ್ಕೆರಡು ಸಲ ಜಗಳಾಡುತ್ತಿದ್ದರು, ಉಪ್ಪಿಗೊಮ್ಮೆ, ದಾರಕ್ಕೊಮ್ಮೆ. ಕಣ್ಣು ಮಂಜಾದ ಮೇಲೂ ಮುದುಕಿ ಹೊಲಿಗೆಯ ಮೇಲೆ ಬೆರಳಾಡಿಸಿ ಸೊಟ್ಟ ಬಂದದ್ದನ್ನು ಹಿಡಿದು ಬಯ್ಯುತ್ತಿದ್ದಳು. ಆಮೇಲೆ ತಾರವ್ವನೇ ಅವಳಿಗೆ ನೀರೆರೆದು, ತಲೆ ಬಾಚಿ, ಬಿಸಿಲಿಗೆ ಕೂರಿಸುತ್ತಿದ್ದಳು. ತೊಂಬತ್ತೇಳರ ಸಂಕ್ರಾಂತಿಯ ಹಿಂದೆಮುಂದೆ ಒಂದು ಮಧ್ಯಾಹ್ನ, ಬಿಸಿಲಿಗೆ ಕೂತಲ್ಲೇ ಹೋಗಿಬಿಟ್ಟಳು.

ತಾರವ್ವ ಬಹಳ ದಿನ ಸೂಜಿ ಮುಟ್ಟಲಿಲ್ಲ. ಅಷ್ಟರಲ್ಲಿ ಕೌದಿಗೆ ಗಂಟು ತರುವವರೂ ಕಡಿಮೆಯಾಗಿದ್ದರಿಂದ ಯಾರಿಗೂ ಅದು ಗೊತ್ತಾಗಲಿಲ್ಲ. ಮರುವರ್ಷ ಅಕ್ಕವ್ವನಿಗೆ ಎರಡನೆಯದು ಎಂದಾಗ ಮತ್ತೆ ಬೇವಿನ ಮರದ ಕೆಳಗೆ ಹರವಿಕೊಂಡು ಕುಳಿತಳು. ನಾನು ಚಹಾ ಹಿಡಿದುಕೊಂಡು ಹೋದೆ. ಒಳಗಿನ ಪದರಿಗೆ ಯಾವುದೋ ಹಳೆ ಪಟಕ, ಲಂಗ ಹಾಸಿದ್ದಳು. ಮೇಲಿನ ಪದರಲ್ಲಿ, ನಟ್ಟನಡುವೆ, ಭೀಮಾಬಾಯಿ ಕೊನೆಗೆ ಉಟ್ಟ ಕಂದು ಬಣ್ಣದ ಸೀರೆ ಇತ್ತು. ನಾನು ನಿಂತು ನೋಡಿದೆ, ಮರೆತಿದ್ದಾಳೇನೋ ಅನ್ನಿಸಿತು.

“ತಾರಕ್ಕಾ, ಅತ್ತಿಯವ್ರದ್ ಮ್ಯಾಲ ಹಾಕೀದಿ.”

“ಹೂಂ.”

“ಹೋದವ್ರನ್ನ ಮ್ಯಾಲ ಹಾಕಿದ್ರ ಅವ್ರಿಗೆ ಹೋಗಾಕ ಬಿಟ್ಟಂಗ ಆಗೂದಿಲ್ಲ ಅಂತ ನೀನಽ ಹೇಳ್ತಿದ್ದೆಲ್ಲ?”

ತಾರವ್ವ ಸೂಜಿ ಚುಚ್ಚಿದಳು, ಎಳೆದಳು, ಉಗುರಿನಿಂದ ಹೊಲಿಗೆ ಒತ್ತಿದಳು.

“ಹೌದು,” ಅಂದಳು. “ಬಿಡೂದಿಲ್ಲ.”

ಆಮೇಲೆ ಆ ಮೂಲೆಯ ಕಲ್ಲು ಸ್ವಲ್ಪ ಈಚೆ ಸರಿಸು ಎಂದಳು. ನಾನು ಚಹಾ ಕೆಳಗಿಟ್ಟು ಸರಿಸಿದೆ.